ಅಮ್ಮ ಬಂದ ಮನೆಯಲ್ಲಿ ಪತಂಗ ಹಿಡಿದದ್ದು

ನಮ್ಮಪ್ಪನದು ಒಂದೇ ಮಾತು: ಪಾಸಾದರೆ ಕಾಲೇಜು, ಫೇಲಾದರೆ ಕುಣಿಗಲ್ಲಿನ ಗಂಡು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗುಬ್ಬಿಯಿಂದ ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಕೂರಬೇಕಾದರೆ ಪತಂಗಗಳನ್ನು ಹಿಡಿದು, ಕೊಂದು, ಗುಂಡುಸೂಜಿ ಚುಚ್ಚಿ, ಹೆಸರು ಬರೆದ ಪೆಟ್ಟಿಗೆಯನ್ನು ಕೊಡಲೇಬೇಕಿತ್ತು. ಬೇಸಿಗೆಯಲ್ಲಿ ಓದುವ ರಜೆ ಬಂತು, ಮನೆಗೆ ಹಿತ್ತಲಿದೆ, ಇನ್ನೇನು ಅಂದುಕೊಂಡೆ. ಅಷ್ಟರಲ್ಲಿ ತಮ್ಮನಿಗೆ ಅಮ್ಮ ಆಯಿತು.

ಡಾಕ್ಟರು ಅದನ್ನು ಚಿಕನ್ ಪಾಕ್ಸ್ ಅಂದರು. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಯಾರೂ ಒಳಗೆ ಬರುವಂತಿಲ್ಲ, ನಾವು ಹೊರಗೆ ಕಾಲಿಡುವಂತಿಲ್ಲ. ಒಗ್ಗರಣೆಯಿಲ್ಲದ ಸಪ್ಪೆ ಸಾರು, ಹಂಚಿನ ಕೆಳಗೆ ಸೆಕೆ. ನನಗೆ ಉಸಿರು ಕಟ್ಟುತ್ತಿತ್ತು. ಉಳಿದದ್ದು ಹಿತ್ತಲೊಂದೇ.

ದೀಪ ಹಚ್ಚುವ ಹೊತ್ತಿಗೆ ಅಪ್ಪನ ಬಿಳಿ ಪಂಚೆಯನ್ನು ತಂತಿಯ ಮೇಲೆ ಹರವಿ, ಮುಂದೆ ಲಾಂದ್ರ ಇಡುತ್ತಿದ್ದೆ. ಬಂದು ಕೂತವನ್ನು ಶೀಷೆಗೆ ಹಾಕಿ, ಬೆಳಗ್ಗೆ ಪುಸ್ತಕದ ಚಿತ್ರದ ಪಕ್ಕ ಹಿಡಿದು ನೋಡುವುದು. ಹರಳು ಗಿಡ ತಿನ್ನುವುದು ಇದು, ಬದನೆಕಾಯಿ ಕೊರೆಯುವುದು ಇದು. ಒಂದು ಸಂಜೆ ಕಣಗಿಲೆ ಗಿಡದ ದೊಡ್ಡ ಹಸಿರು ಪತಂಗ ಸಿಕ್ಕಿತು. ಕುಣಿಯುವಷ್ಟು ಖುಷಿ ನನಗೆ! ಕೊಲ್ಲಲೆಂದು ಮೊದಲ ಸಲ ಕ್ಲೋರೋಫಾರ್ಮಿನ ಹತ್ತಿ ತೆಗೆದೆ. ಅಜ್ಜಿ ಎಲ್ಲಿದ್ದಳೋ, ಬಂದೇಬಿಟ್ಟಳು.

“ಲೇ, ಮನೇಲಿ ಅಮ್ಮ ಅವ್ಳೆ ಕಣೇ! ಒಗ್ಗರಣೆ ಚಟಪಟ ಅಂದ್ರೂ ಆಗಾಕಿಲ್ಲ, ನೀನು ಜೀವ ತೆಗಿಯಾಕೆ ಕುಂತಿದೀಯಲ್ಲ!”

“ಅದು ವೈರಸ್ ಅಜ್ಜಿ. ಈ ಹುಳಕ್ಕೂ ಅದಕ್ಕೂ ಏನ್ ಸಂಬಂಧ?”

“ಬಾಯ್ ಮುಚ್ಚೇ. ಹುಡ್ಗುಂಗೆ ಏನಾರ ಆದ್ರೆ ನೀನ್ ತಂದ್ಕೊಡ್ತೀಯಾ?”

ಅವ್ವ ನನ್ನ ಮುಖ ನೋಡಿದಳು, ಅಷ್ಟೇ. ಆಯಿತು, ಅಮ್ಮ ಇಳಿದು ತಮ್ಮನಿಗೆ ಬೇವಿನ ನೀರು ಹಾಕಿದ ಮೇಲೆ ಕೊಲ್ಲೋಣ ಎಂದು ಎಲ್ಲವನ್ನೂ ಜೀವಂತವಾಗಿಯೇ ಶೀಷೆಗಳಲ್ಲಿ ಇಟ್ಟುಕೊಂಡೆ. ಅವು ಗಾಜಿಗೆ ಬಡಿದುಕೊಂಡು ರೆಕ್ಕೆಯ ಪುಡಿ ಉದುರಿಸುತ್ತಿದ್ದವು. ರೆಕ್ಕೆ ಹರಿದರೆ ಪೆಟ್ಟಿಗೆಗೆ ಬಾರವು.

ಒಂದು ಮಧ್ಯಾಹ್ನ ತಮ್ಮ ಜ್ವರ ಏರಿ ಏನೇನೋ ಬಡಬಡಿಸತೊಡಗಿದ. ಅವ್ವ ಅಳುತ್ತಿದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರೂ ಕಿಟಕಿಯಲ್ಲಿದ್ದ ಶೀಷೆಗಳ ಕಡೆ ನೋಡಿದರು. ಹಾಳಾಗಿ ಹೋಗಲಿ ಎಂದು ಎಲ್ಲ ಶೀಷೆಗಳನ್ನೂ ಹಿತ್ತಲಿಗೆ ಹೊತ್ತೊಯ್ದು ಮುಚ್ಚಳ ತೆಗೆದೆ. ಹಸಿರಿನದನ್ನೂ ಬಿಟ್ಟೆ. ಶೀಷೆಗಳನ್ನು ಬೋರಲು ಹಾಕಿ, ಒಂದೂ ಉಳಿದಿಲ್ಲವೆಂದು ನೋಡಿಕೊಂಡೆ.

ತಮ್ಮ ಹುಷಾರಾದ. ನೀರು ಹಾಕುವ ಹೊತ್ತಿಗೆ ಪರೀಕ್ಷೆ ಬಂದೇಬಿಟ್ಟಿತ್ತು. ಪೆಟ್ಟಿಗೆಯಿಲ್ಲ ಎಂದು ಮೇಷ್ಟ್ರು ಸಹಿ ಹಾಕಲಿಲ್ಲ, ಪ್ರಾಕ್ಟಿಕಲ್‌ಗೆ ಕೂರಿಸಲಿಲ್ಲ, ಫೇಲಾದೆ. ಅಪ್ಪ ಕುಣಿಗಲ್ಲಿಗೆ ಹೇಳಿ ಕಳಿಸಿದರು.

ಅಜ್ಜಿ ಜಗಲಿಯಲ್ಲಿ ಅವರೆಬೇಳೆ ಆರಿಸುತ್ತಿದ್ದಳು. ನನ್ನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು.

“ನೂರು ಹುಳ ಕೊಂದಿದ್ರೂ ಅವ್ನು ಉಳೀತಿದ್ದ! ನಂಗೆ ಗೊತ್ತಿತ್ತು!”

ಅಜ್ಜಿ ತಲೆಯೆತ್ತಿದಳು. ಅವಳ ದನಿಯಲ್ಲಿ ಚೂರೂ ಸಿಟ್ಟಿರಲಿಲ್ಲ.

“ಗೊತ್ತಿದ್ದೂ ಮತ್ತ್ಯಾಕ್ ಬುಟ್ಟೆ ಮಗ?”

ಅವಳ ಪಕ್ಕ ಕೂತು ಬೇಳೆಗೆ ಕೈ ಹಾಕಿದೆ. ಆ ಮಧ್ಯಾಹ್ನ ಅವರೆಲ್ಲರಷ್ಟೇ ನಾನೂ ಹೆದರಿದ್ದೆ.