ದೇವರ ಗೂಡಿನಲ್ಲಿ ಗುನ್ಮಾದ ಹಿರಿಯರು

ಪಕ್ಕದ ಮನೆಯ ಜಪಾನಿ ಅಜ್ಜಿ ಆ ಪೆಟ್ಟಿಗೆ ಕೊಟ್ಟಾಗ ನಾನು ಎರಡೂ ಕೈ ಚಾಚಿ, ತಲೆ ಬಗ್ಗಿಸಿ ತೆಗೆದುಕೊಂಡೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ.

ಅಜ್ಜಿ ಜಪಾನಿನ ಗುನ್ಮಾ ಎಂಬ ಪ್ರಾಂತ್ಯದವರು. ಅಮೆರಿಕದ ಓವರ್‌ಲೇಕ್‌ನ ನಮ್ಮ ಬೀದಿಗೆ ಸಾಫ್ಟ್‌ವೇರಿನವರು ಬರುವುದಕ್ಕೆ ಎಷ್ಟೋ ಮೊದಲೇ ಬಂದು ನೆಲೆಸಿದವರು. ಪೆಟ್ಟಿಗೆಯ ತುಂಬ ದಪ್ಪ ಕಾಗದದ ಚಿತ್ರದ ಚೀಟಿಗಳು. ಒಂದರಲ್ಲಿ ಯೋಧ, ಒಂದರಲ್ಲಿ ಹಳೆಯ ಕಾಲದ ಗಣಿತಜ್ಞ, ಇನ್ನೊಂದರಲ್ಲಿ ಪರದೇಶದಲ್ಲಿ ಓದಿ ಬಂದು ಶಾಲೆ ಕಟ್ಟಿದವರು.

“ಎಲ್ಲಾ ನಮ್ಮ ಕಡೆಯ ದೊಡ್ಡವರು. ನಿನ್ನ ಮಗಳಿಗೆ,” ಎಂದರು ಮೆಲ್ಲನೆಯ ಇಂಗ್ಲಿಷಿನಲ್ಲಿ. ಆಮೇಲೆ ನಕ್ಕು, “ಪ್ರಧಾನಿಗಳೂ ಆಗಿದಾರೆ ನಮ್ಮವರು. ಅವರಿಗೆ ಚೀಟಿ ಸಿಕ್ಕಿಲ್ಲ,” ಎಂದರು.

ನಾನು ಮೈಸೂರಿನವಳು. ಪೇಪರಿಗೆ ಕಾಲು ತಾಗಿದರೂ ಕಣ್ಣಿಗೆ ಒತ್ತಿಕೊಂಡು ಬೆಳೆದವಳು. ಪೆಟ್ಟಿಗೆಯನ್ನು ಸೀದಾ ದೇವರ ಗೂಡಿನಲ್ಲಿಟ್ಟು ಮೇಲೊಂದು ಹೂವನ್ನೂ ಏರಿಸಿದೆ. ಒಂಬತ್ತು ವರ್ಷದ ಮಗಳು ಒಂದು ದಿನ ಚೀಟಿಗಳನ್ನು ನೆಲದ ಮೇಲೆ ಹರಡಿದ್ದು ನೋಡಿ ನನಗೆ ರೇಗಿಹೋಯಿತು.

“ದೊಡ್ಡವರ ಫೋಟೋನ ನೆಲಕ್ಕೆ ಹಾಕ್ತಾರೇನೇ? ಎತ್ತಿಡು!”

“ಬಟ್ ಅಮ್ಮಾ, ಇಟ್ ಲುಕ್ಸ್ ಲೈಕ್ ಎ ಗೇಮ್!”

ಅವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಬೇಲಿಯ ಬಳಿ ಸಿಕ್ಕಾಗಲೆಲ್ಲ ಅಜ್ಜಿ, “ಮಗಳಿಗೆ ಹಿಡಿಸ್ತಾ?” ಎಂದು ಕೇಳುತ್ತಿದ್ದರು. “ತುಂಬಾ ಜೋಪಾನವಾಗಿ ಇಟ್ಟಿದೀನಿ,” ಎಂದು ನಾನು ಬೀಗುತ್ತಿದ್ದೆ. ಆ ಹೊತ್ತಿಗೆ ಅವರಿಗೆ ಮರೆವು ಶುರುವಾಗಿತ್ತು. ನನ್ನ ಮಗಳ ಹೆಸರನ್ನು ಒಂದೇ ಮಾತುಕತೆಯಲ್ಲಿ ಮೂರು ಸಲ ಕೇಳಿದ್ದೂ ಉಂಟು. ಕೊನೆಗೆ ಅವರನ್ನು ಕ್ಯಾನ್ಯನ್ ಪಾರ್ಕ್ ಹತ್ತಿರದ ವೃದ್ಧಾಶ್ರಮಕ್ಕೆ ಸೇರಿಸುವುದೆಂದು ಅವರ ಮನೆಯವರು ತೀರ್ಮಾನಿಸಿದರು.

ಹೊರಡುವ ವಾರ ಕಾಫಿಗೆ ಕರೆದೆ. ಅಜ್ಜಿ ದೇವರ ಗೂಡಿನಲ್ಲಿ ತಮ್ಮ ಪೆಟ್ಟಿಗೆಯನ್ನೂ ಅದರ ಮೇಲಿನ ಹೂವನ್ನೂ ನೋಡಿ, ಹೂವನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

“ಇದು ಆಟ. ನಮ್ಮೂರಲ್ಲಿ ಮಕ್ಕಳೆಲ್ಲ ಆಡ್ತಾರೆ. ಒಬ್ಬಳೇ ಆಡೋಕಾಗಲ್ಲ. ನೀವು ಕರೀತೀರ ಅಂತ ಕಾಯ್ತಿದ್ದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನೆನಪಿಗೆಂದು ಏನನ್ನೂ ಕೊಟ್ಟಿರಲಿಲ್ಲ, ನೆನಪಿರುವಷ್ಟು ದಿನ ಜೊತೆಗೆ ಆಡಲು ಕರೆದಿದ್ದರು. ನಾನು ಆ ಕರೆಗೆ ಹೂವಿಟ್ಟು ಕೈಮುಗಿದಿದ್ದೆ.

ಅವತ್ತೇ ಚೀಟಿಗಳನ್ನು ನೆಲಕ್ಕೆ ಹರಡಿದೆವು. ಪ್ರತಿ ಚೀಟಿಗೂ ಒಂದು ಸಾಲಿನ ಹಾಡು. ಅದನ್ನು ಹೇಳುತ್ತಿದ್ದಂತೆ ಆ ಚೀಟಿಯ ಮೇಲೆ ಎಲ್ಲರಿಗಿಂತ ಮೊದಲು ಕೈ ಬಡಿಯಬೇಕು. ಅಜ್ಜಿಗೆ ಅಷ್ಟೂ ಸಾಲು ಬಾಯಿಪಾಠ. ಹೇಳುವವರು ಆಡಬಾರದಂತೆ, ಆದರೂ ಆಡಿದರು. ಗಣಿತಜ್ಞರ ಮುಖಕ್ಕೆ ಹೊಡೆಯಲು ನನ್ನ ಕೈ ಏಳಲಿಲ್ಲ.

“ಹೊಡಿ! ಅವರಿಗೇನೂ ನೋವಾಗಲ್ಲ,” ಎಂದು ಗದರಿಸಿದರು. ಮಗಳು ಬಿದ್ದು ಬಿದ್ದು ನಕ್ಕಳು.

ಈಗ ಭಾನುವಾರಗಳಂದು ನಾವೇ ಪೆಟ್ಟಿಗೆ ಹಿಡಿದು ವೃದ್ಧಾಶ್ರಮಕ್ಕೆ ಹೋಗುತ್ತೇವೆ. ಅಜ್ಜಿಗೆ ನಾವು ಯಾರೆಂದು ಗೊತ್ತಿಲ್ಲ. ಮೇಜಿನ ಮೇಲೆ ಚೀಟಿ ಹರಡಿದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ, ಸಾಲುಗಳು ಬರುತ್ತವೆ.

ಹೋದ ವಾರ ಗಣಿತಜ್ಞರ ಸಾಲು ನಡುವೆಯೇ ನಿಂತುಹೋಯಿತು. ಅಜ್ಜಿಯ ತುಟಿ ಅಲುಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಆಗ, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, ಮಿಕ್ಕ ಸಾಲನ್ನು ಜಪಾನಿಯಲ್ಲಿ ಮೆಲ್ಲಗೆ ಹೇಳಿ ಮುಗಿಸಿದಳು.

ಅಜ್ಜಿಯ ಕೈ ಪಟ್ಟನೆ ಬಿತ್ತು. ಅಷ್ಟರಲ್ಲಿ ನನ್ನ ಕೈ ಚೀಟಿಯ ಮೇಲಿತ್ತು, ಏಟು ನನಗೇ ಬಿತ್ತು. ಚೆನ್ನಾಗಿಯೇ ನೋವಾಯಿತು. ನಾನು ಕೈ ತೆಗೆಯಲಿಲ್ಲ.