ಬಸಲಿಂಗಪ್ಪ ವಸ್ತಾದರ ಆಧಾರ

ಬಸಲಿಂಗಪ್ಪ ವಸ್ತಾದರು ಮನುಷ್ಯರನ್ನು ಮೂಸಿ ನೋಡುತ್ತಿದ್ದರು. ಕುಸ್ತಿ ಕಲಿಯಲು ಅವರ ತಾಲೀಮಿಗೆ, ಅಂದರೆ ಗರಡಿಮನೆಗೆ, ಬಂದವನ ಎದೆಯ ಅಳತೆಯನ್ನಾಗಲಿ, ತೋಳಿನ ಗಾತ್ರವನ್ನಾಗಲಿ ಕೇಳುತ್ತಿರಲಿಲ್ಲ. ಕುತ್ತಿಗೆಗೆ ಕೈ ಹಾಕಿ ಬಗ್ಗಿಸಿ, ಕಿವಿಯ ಕೆಳಗೆ ಮೂಗಿಟ್ಟು, ಒಂದು ದೀರ್ಘ ಉಸಿರೆಳೆದು ತೀರ್ಪು ಹೇಳುತ್ತಿದ್ದರು. ನನ್ನನ್ನು ಮೂಸಿದ ದಿನ ಹೇಳಿದ್ದು ಇದು: "ನಿನ್ನ ಮೈ ಅಂಜಿಕಿ ನಾರ್ಲಿಕತ್ತದಲ್ಲೋ ಕಾರಕೂನ. ಛಲೋ ಆಯ್ತು, ಬಾ. ಅಂಜಿಕಿ ಇದ್ದವಗ ಕಲಸ್ಲಿಕ್ಕಿ ಬರ್ತದ."

ನಾನಾಗ ಶಹಾಬಾದಿನ ಫರಸಿ ಕಲ್ಲಿನ ಖಣಿಯೊಂದರಲ್ಲಿ ಗುಮಾಸ್ತ. ಪತ್ರಿಕೆಯ ಕೆಲಸಕ್ಕೆ ಸೇರಿದ್ದು ಆಮೇಲೆ.

ವಸ್ತಾದರ ತಾಲೀಮು ಅವರ ಮನೆಗೆ ಅಂಟಿಕೊಂಡೇ ಇತ್ತು. ಕುಸ್ತಿಯ ಕಣದ ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ, ನಿಂಬೆರಸ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಮಜ್ಜಿಗೆ ಮಾತ್ರ ಮನೆಯದೇ ಆಗಬೇಕು. ಅವರ ತಮ್ಮ ಶರಣಪ್ಪನ ಹೆಂಡತಿ ನಾಗಮ್ಮ ಬೆಳಿಗ್ಗೆ ಹಿಂಬಾಗಿಲಲ್ಲಿ ಗಡಿಗೆ ಇಟ್ಟು, "ಭಾವಾರ, ನಿಮ್ಮ ಮಣ್ಣಿಗಿ ಕುಡೀಲಿಕ್ಕಿ ತಂದೀನ್ರಿ" ಎಂದು ಕೂಗಿ ಹೋಗುತ್ತಿದ್ದಳು. ಹೆಂಡತಿ ತೀರಿಕೊಂಡಿದ್ದ ವಸ್ತಾದರಿಗೆ ತಮ್ಮನ ಸಂಸಾರವೇ ಸಂಸಾರ.

ಕಣಕ್ಕೆ ಎರಡು ಕಟ್ಟಳೆಗಳಿದ್ದವು. ಚಪ್ಪಲಿ ಮೆಟ್ಟಿ, ಕೈಯಲ್ಲಿ ಬಡಿಗೆ ಹಿಡಿದು ಯಾರೂ ಮಣ್ಣಿಗೆ ಇಳಿಯಬಾರದು. ಮಣ್ಣಿನ ಮೇಲೆ ರಕ್ತ ಬಿದ್ದರೆ ಕುಸ್ತಿ ಅಲ್ಲಿಗೇ ನಿಲ್ಲಬೇಕು. ಯಾರಾದರೂ ಒಬ್ಬ "ರಕ್ತ!" ಎಂದರೆ ಸಾಕು, ಹಿಡಿದ ಕೈಗಳು ತಾವಾಗಿಯೇ ಬಿಡುತ್ತಿದ್ದವು.

ಪಟ್ಟು ಕಲಿಸುವ ಮೊದಲು ಅವರು ಕೂರುವುದನ್ನು ಕಲಿಸುತ್ತಿದ್ದರು. ಎಡ ಹಿಮ್ಮಡಿಯನ್ನು ಬುಡಕ್ಕೆ ಒತ್ತಿ ಕೂತು, ಒಂದು ಚಿಟಿಕೆ ಮಣ್ಣನ್ನು ಮೂಗಿಗೆ ಹಿಡಿಯಬೇಕು. ಉಸಿರೆಳೆಯುವಾಗ ಬುಡವನ್ನು ಮೇಲಕ್ಕೆ ಸೆಳೆಯಬೇಕು, ಬಿಡುವಾಗ ಸಡಿಲಿಸಬೇಕು. "ಬೆನ್ನೆಲುಬು ಎಲ್ಲಿ ಮುಗೀತದ, ಅಲ್ಲಿ ಆಧಾರ ಚಕ್ರ. ನಾಕು ಎಸಳು. ಅದರ ತತ್ವ ಮಣ್ಣು, ಗುಣ ವಾಸನಿ, ಬಾಗಲಾ ಮೂಗು. ಬುಡ ಸಡ್ಲಾದ್ರ ಮನಷ್ಯಾ ಓಡ್ತಾನ. ಭಾಳ ಬಿಗದ್ರ ಬಡೀತಾನ. ಎರಡೂ ಅಂಜಿಕೀನೇ. ಸಮ ಇದ್ದವ ಕುಂದರ್ತಾನ." ಹೀಗೆ ಹೇಳುತ್ತಲೇ, ಕೂತಲ್ಲಿ ಅಲುಗಾಡಿದವನ ಬೆನ್ನಿಗೆ ಬೆತ್ತದಿಂದ ಬಾರಿಸುತ್ತಿದ್ದರು. "ಹಿಡಿ" ಎಂಬುದನ್ನು ಮೆಲ್ಲಗೆ ಹೇಳಿ, "ಬಿಡು" ಎಂಬುದನ್ನು ಗೋಡೆ ಅದುರುವಂತೆ ಕೂಗುತ್ತಿದ್ದರು.

ಅವರ ಶಿಷ್ಯರಲ್ಲಿ ಎಲ್ಲರಿಗಿಂತ ಬಲಶಾಲಿ ಮೌಲಾ, ಟಾಂಗಾ ಹೊಡೆಯುವವನ ಮಗ. ಒಂದು ದಿನ ಅವನು ಕೂತಲ್ಲಿಂದಲೇ ಕೇಳಿದ: "ವಸ್ತಾದ್, ಚಕ್ರ ಖರೇನೇ ಇದ್ರ ಕುಂತಾಗ ಚುಚ್ಚಬೇಕಲ್ರಿ?"

"ಚುಚ್ಚಲೇಬೇಕಲೇ ಮಗನ. ನಿಂಗ ಚುಚ್ಚವಲ್ದಂದ್ರ ನೀ ಕುಂತಿಲ್ಲ, ಬಿದ್ದೀದಿ!"

ಅಂದು ಕಣವಿಡೀ ನಕ್ಕಿತು. ವಸ್ತಾದರೂ ನಕ್ಕರು. ನಕ್ಕ ಮೇಲೆ ಮೌಲಾನಿಗೂ ಬೆತ್ತದ ಏಟು ಬಿತ್ತು.

ಈ ವಿದ್ಯೆ ತಮಗೆ ಹೇಗೆ ಬಂತೆಂಬುದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಪ್ರಾಯದಲ್ಲಿ ಸೇಡಂನ ಕುಸ್ತಿಯೊಂದರಲ್ಲಿ ಎದುರಾಳಿಯ ತೋಳು ತಿರುವಿ ಹಿಡಿದಿದ್ದರಂತೆ. ಸೋತೆನೆಂದು ಅವನು ಅಂಗೈಯಿಂದ ಮಣ್ಣು ಬಡಿದ. "ನಾ ಬಿಡ್ಲಿಲ್ಲ. ಮತ್ತ ಬಡದ. ಬಿಡ್ಲಿಲ್ಲ. ಹಸೀ ಕಟಗಿ ಮುರದಂಗ ಸಪ್ಪಳ ಬಂತು." ಆ ತೋಳು ಮತ್ತೆ ನೆಟ್ಟಗಾಗಲಿಲ್ಲ. ಗೆದ್ದ ರುಮಾಲನ್ನು ಅಲ್ಲಿಯೇ ಬಿಟ್ಟು ಅವರು ಚಿಮ್ಮನಚೋಡದ ಮುದುಕ ಜಂಗಮರೊಬ್ಬರ ಹತ್ತಿರ ಹೋದರು. ನನ್ನ ಸಿಟ್ಟಿಗೆ ಮದ್ದು ಕೊಡಿ ಎಂದು ಕೇಳಿದಾಗ ಆ ಜಂಗಮರು, "ನಿಂದು ಸಿಟ್ಟಲ್ಲೋ ತಮ್ಮಾ, ಅಂಜಿಕಿ. ಕುಂದ್ರು" ಎಂದರಂತೆ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಅಲ್ಲಿ ಕೂತು ಬಂದವರು ಮುಂದೆ ಯಾವ ಪಂದ್ಯಕ್ಕೂ ಇಳಿಯಲಿಲ್ಲ.

ನಲವತ್ತೆಂಟರ ಬೇಸಿಗೆಯ ಹೊತ್ತಿಗೆ ನಮ್ಮ ಕಡೆ ನಿಜಾಮರ ಪರವಾದ ಖಾಕಿ ಅಂಗಿಯ ಪಡೆಯವರು ಹಳ್ಳಿಗಳಿಗೆ ನುಗ್ಗುತ್ತಿದ್ದರು. ಮೌಲಾ ಅವರ ಜೊತೆ ಸೇರಿದ. ಒಂದು ಸಂಜೆ ಬೂಟು ತೊಟ್ಟು, ಹೆಗಲಿಗೆ ಬಂದೂಕು ಹಾಕಿಕೊಂಡು ತಾಲೀಮಿಗೆ ಬಂದವನು ಮಣ್ಣಿನ ಅಂಚಿನಲ್ಲಿ ನಿಂತ. ಒಳಗೆ ಇಳಿಯಲಿಲ್ಲ. ವಸ್ತಾದರು ಹತ್ತಿರ ಹೋಗಿ ಮೂಸಿದರು.

"ಅಂಜಿಕಿ ನಾರ್ಲಿಕತ್ತೀದಿ ಮೌಲಾ."

"ಬಂದೂಕ ನನ್ನ ಕೈಯಾಗ ಅದ ವಸ್ತಾದ್. ಅಂಜೋರು ನೀವು."

"ಅದಕ್ಕೇ ಹೇಳಿದೆ."

ಅವನು ಅಂಚಿನಿಂದಲೇ ತಿರುಗಿ ಹೊರಟುಹೋದ.

ಮಳೆಗಾಲದಲ್ಲಿ ಶರಣಪ್ಪ ಬಂಡಿಯಲ್ಲಿ ಜೋಳ ಹೇರಿಕೊಂಡು ಕಾಳಗಿಯ ಸಂತೆಗೆ ಹೋದ. ದಾರಿಯಲ್ಲಿ ಖಾಕಿಯವರು ಬಂಡಿ ತಡೆದರು. ಅವನ ಹೆಣ ಅದೇ ಬಂಡಿಯಲ್ಲಿ, ಅದೇ ಚೀಲಗಳ ಮೇಲೆ ಬಂತು. ಕೊಡಲಿಯ ಏಟಿಗೆ ಹೆಗಲು ಸೀಳಿತ್ತು. ಚೀಲ ಬಿಚ್ಚಿದಾಗ ಒಳಗಿನ ಜೋಳವೂ ಕೆಂಪಾಗಿತ್ತು. ಗುಂಪಿನಲ್ಲಿ ಮೌಲಾ ಇದ್ದುದನ್ನು ಬಂಡಿ ಹೊಡೆಯುತ್ತಿದ್ದ ಆಳು ಕಂಡಿದ್ದ. ಕೊಡಲಿ ಎತ್ತಿದವರು ಯಾರೆಂದು ಅವನು ಹೇಳಲಾರದೆ ಹೋದ. ಆಮೇಲೆ ನಾನು ಬಹಳ ಜನರನ್ನು ವಿಚಾರಿಸಿದ್ದೇನೆ. ನನಗೆ ಇಂದಿಗೂ ತಿಳಿದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಸೈನ್ಯ ಮುಂದಕ್ಕೆ ಸಾಗಿದ ಮೇಲೆ ಊರುಗಳಲ್ಲಿ ಸೇಡು ಸುರುವಾಯಿತು. ಖಾಕಿ ತೊಟ್ಟವರೂ ಸತ್ತರು, ಅದನ್ನು ಎಂದೂ ಮುಟ್ಟದವರೂ ಸತ್ತರು. ನಾನು ಕಂಡ ಒಂದು ಬಾವಿಯ ನೀರನ್ನು ಆ ವರ್ಷ ಯಾರೂ ಸೇದಲಿಲ್ಲ.

ಅಂಥದ್ದೊಂದು ಮಧ್ಯಾಹ್ನ ಒಂದು ಗುಂಪು ಮೌಲಾನನ್ನು ತಾಲೀಮಿಗೆ ಎಳೆದು ತಂದಿತು. ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಸಿಕ್ಕಿದ್ದನಂತೆ. ಮುಖ ಬಾತು ಒಂದು ಕಣ್ಣು ಮುಚ್ಚಿತ್ತು. ಗುಂಪಿನಲ್ಲಿ ವಸ್ತಾದರ ಶಿಷ್ಯರೇ ಹಲವರಿದ್ದರು. ಮುಂದೆ ಇದ್ದವನು ಖಣಿಯ ಆಳುಗಳ ಮೇಸ್ತ್ರಿ, ಮುಕಾದಂ ಶಿವರಾಯ. ಅವನು ಮೌಲಾನನ್ನು ಕಣಕ್ಕೆ ತಳ್ಳಿ, "ವಸ್ತಾದ್ರ, ನಿಮ್ಮ ತಮ್ಮನ ಪಾಲು ತಂದೀವ್ರಿ. ತಗೋರಿ" ಎಂದ. ಅಡ್ಡ ಹೋದ ನನ್ನನ್ನು ಇಬ್ಬರು ಕಂಬಕ್ಕೆ ಒತ್ತಿ ಹಿಡಿದರು. ಹೀಗಾಗಿ ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ವಸ್ತಾದರು ಮಣ್ಣಿಗೆ ಇಳಿದರು. ಮೌಲಾನ ಹಿಂದೆ ಹೋಗಿ ಅವನ ಕುತ್ತಿಗೆಗೆ ಎಡತೋಳು ಸುತ್ತಿ ಕೆಳಗೆ ಕೆಡವಿದರು. ತೋಳು ಬಿಗಿಯಿತು. ಮೌಲಾನ ಮುಖ ಕಪ್ಪಿಟ್ಟಿತು. ಕಾಲುಗಳು ಮಣ್ಣು ಗೀರಿದವು.

ಹಿಂಬಾಗಿಲಲ್ಲಿ ನಾಗಮ್ಮ ಬಂದು ನಿಂತಳು. "ಭಾವಾರ, ಬಿಡಬ್ಯಾಡ್ರಿ" ಎಂದಳು. ಕೂಗಲಿಲ್ಲ, ಮಜ್ಜಿಗೆ ತಂದಿದ್ದೇನೆ ಎನ್ನುವ ದನಿಯಲ್ಲೇ ಹೇಳಿದಳು.

ಮೌಲಾ ಅಂಗೈಯಿಂದ ಮಣ್ಣು ಬಡಿದ. ವಸ್ತಾದರು ಬಿಡಲಿಲ್ಲ. ಮತ್ತೆ ಬಡಿದ. ಬಿಡಲಿಲ್ಲ. ಮೂರನೆಯ ಸಲ ಕೈ ಎದ್ದದ್ದು ಬಡಿಯಲಾರದೆ ಮಣ್ಣಿನ ಮೇಲೆ ಹಾಗೆಯೇ ಬಿತ್ತು. ಆಗ ವಸ್ತಾದರು ಅವನ ಕಿವಿಯ ಕೆಳಗೆ ಮೂಗಿಟ್ಟು ಉಸಿರೆಳೆದರು. ಬಳಿಕ ಮುಖ ತಿರುಗಿಸಿ ತಮ್ಮದೇ ತೋಳನ್ನು ಮೂಸಿದರು. "ಎರಡೂ ಒಂದೇ ನಾರ್ಲಿಕತ್ತಾವ" ಎಂದು ತಮಗೆ ತಾವೇ ಹೇಳಿಕೊಂಡು, ಗೋಡೆ ಅದುರುವಂತೆ "ಬಿಡು!" ಎಂದು ಕೂಗಿದರು. ತೋಳು ಸಡಿಲಿತು. ಮೌಲಾ ಕೆಮ್ಮಿ ಉಸಿರೆಳೆದುಕೊಂಡ.

"ನೀವು ಬಿಟ್ರ ನಾವು ಬಿಡ್ತೀವೇನ್ರಿ?" ಎಂದು ಶಿವರಾಯ ಗದರಿದ. ಗುಂಪು ಕಣಕ್ಕೆ ನುಗ್ಗಿತು.

ನುಗ್ಗಿತು ಎಂದೆ. ಸರಿಯಾಗಿ ಹೇಳುವುದಾದರೆ, ಅಂಚಿನಲ್ಲಿ ನಿಂತು ಚಪ್ಪಲಿ ಬಿಟ್ಟಿತು. ಕೊಲ್ಲಲು ಬಂದವರು ಬಡಿಗೆ ಕೊಡಲಿಗಳನ್ನು ಗೋಡೆಗೆ ಒರಗಿಸಿ, ಚಪ್ಪಲಿ ಕಳಚಿ, ಬರಿಗೈಯಲ್ಲಿ ಮಣ್ಣಿಗೆ ಇಳಿದರು. ಅಷ್ಟರಲ್ಲಿ ವಸ್ತಾದರು ಮೌಲಾನ ಮೇಲೆ ಬೋರಲಾಗಿ ಮಲಗಿ, ಮೊಣಕಾಲು ಅಗಲಿಸಿ, ಬುಡವನ್ನು ಕೆಳಕ್ಕೆ ಒತ್ತಿ ನೆಲ ಕಚ್ಚಿಬಿಟ್ಟಿದ್ದರು. ಹಾಗೆ ಕಚ್ಚಿದವನನ್ನು ಎತ್ತುವುದು ಕಷ್ಟವೆಂದು ಶಿಷ್ಯರಿಗೆ ಕಲಿಸಿದವರೇ ಅವರು. ಆದರೂ ಶಿಷ್ಯರು ಕಲಿತ ಪಟ್ಟುಗಳನ್ನೆಲ್ಲ ಹಾಕಿದರು. ಒಬ್ಬ ಕಾಲು ಎಳೆದ, ಒಬ್ಬ ಸೊಂಟ ಹಿಡಿದ, ಒಬ್ಬ ಪಕ್ಕೆಗೆ ಮೊಣಕಾಲಿನಿಂದ ಗುದ್ದಿದ. ಬೆನ್ನ ಮೇಲೆ ಮುಷ್ಟಿಗಳು ಬಿದ್ದವು. ಅವರು ಮೌಲಾನ ಕಿವಿಯಲ್ಲಿ, "ಹಿಡಿ... ಬಿಡು... ಉಸ್ರು ಬಿಡಲೇ" ಎನ್ನುತ್ತಲೇ ಇದ್ದರು.

ಶಿವರಾಯ ಮಾತ್ರ ಬಡಿಗೆ ಬಿಟ್ಟಿರಲಿಲ್ಲ. ಹಾಗೆಂದು ಅವನು ಕಟ್ಟಳೆಯನ್ನೂ ಮೀರಲಿಲ್ಲ. ಮಣ್ಣಿನ ಹೊರಗೆ, ಅಂಚಿನ ಕಲ್ಲಿನ ಮೇಲೆ ನಿಂತು, ಉದ್ದನೆಯ ಬಡಿಗೆಯನ್ನು ಅಲ್ಲಿಂದಲೇ ಬೀಸಿದ. ಅದೇ ಹೊತ್ತಿಗೆ ತಲೆ ಎತ್ತಿದ ವಸ್ತಾದರ ಹಣೆ ಮೂಗುಗಳ ನಡುವೆ ಏಟು ಬಿತ್ತು. ಎಲುಬು ಮುರಿದ ಸದ್ದು ಕಂಬದ ಹತ್ತಿರ ನಿಂತ ನನಗೂ ಕೇಳಿಸಿತು. ರಕ್ತ ಮಣ್ಣಿಗೆ ಸುರಿಯಿತು.

ಗುಂಪಿನಲ್ಲೇ ಯಾರೋ "ರಕ್ತ!" ಎಂದರು.

ಕೈಗಳು ಬಿಟ್ಟವು. ಇದಕ್ಕಿಂತ ಒಳ್ಳೆಯ ವಿವರಣೆ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿಲ್ಲ. ಕುಸ್ತಿಯವರು ರೂಢಿಯಂತೆ ಹಿಂದೆ ಸರಿದರು. ಉಳಿದವರು ಅವರನ್ನು ನೋಡಿ ಸರಿದರು. ಹಿಂದೆ ಸರಿದ ಮೇಲೆ ಮತ್ತೆ ಮುಂದೆ ಬರುವುದು ಯಾರಿಗೂ ಆಗಲಿಲ್ಲ. ಚಪ್ಪಲಿಗಳು ಕಲೆತುಹೋಗಿದ್ದವು. "ಏ, ಅದು ನಂದೋ" ಎಂದು ಒಬ್ಬ ಇನ್ನೊಬ್ಬನ ಕೈಯಿಂದ ಕಸಿದುಕೊಂಡದ್ದನ್ನು ನಾನು ನೋಡಿದೆ. ಮರುದಿನ ನಾನೂ ಇನ್ನೊಬ್ಬರೂ ಮೌಲಾನನ್ನು ಕಲ್ಲು ಹೇರಿದ ಗೂಡ್ಸ್ ಗಾಡಿಯಲ್ಲಿ ಹೈದರಾಬಾದಿಗೆ ಸಾಗಿಸಿದೆವು. ಅವನು ಮತ್ತೆ ಬರಲಿಲ್ಲ. ಬಂಡಿಯ ವಿಷಯವನ್ನು ವಸ್ತಾದರು ಅವನಿಗೆ ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಗಾಯ ಮಾಯಿತು, ಆದರೆ ವಸ್ತಾದರ ಮೂಗಿನಿಂದ ವಾಸನೆ ಹೊರಟುಹೋಯಿತು. ಹೊಸಬರು ಬಂದರೆ ಕತ್ತು ಬಗ್ಗಿಸಿ, ಮೂಗಿಟ್ಟು, ಪೆಚ್ಚಾಗಿ ಕೈಬಿಡುತ್ತಿದ್ದರು. "ಚಕ್ರದ ಬಾಗಲಾ ಮುಚ್ಚಿತು. ನಾ ಈಗ ಕುಂತೀನೋ ಬಿದ್ದೀನೋ ನನಗೇ ತಿಳೀವಲ್ದು" ಎಂದು ಒಮ್ಮೆ ನನಗೆ ಹೇಳಿದರು. ತಮ್ಮನ ಸಾವಿಗಿಂತ ಮಣ್ಣಿನ ರೂಢಿಯೇ ದೊಡ್ಡದಾಯಿತೇ ಎಂದು ಊರು ಆಡಿಕೊಂಡಿತು. ನಾಗಮ್ಮ ಅದನ್ನೂ ಆಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಇಟ್ಟು ಹೋಗುತ್ತಿದ್ದಳು. ಮಾತು ನಿಂತಿತು, ಮಣ್ಣಿನ ಮಜ್ಜಿಗೆಯೂ ನಿಂತಿತು. ಬೇರೆ ಮನೆಯಿಂದ ತರಿಸಲು ವಸ್ತಾದರು ಒಪ್ಪಲಿಲ್ಲ. ಮಜ್ಜಿಗೆಯ ಬದಲು ಬರಿಯ ನೀರು ಚಿಮುಕಿಸಿ ಮಣ್ಣು ಅಗೆಯುತ್ತಿದ್ದರು.

ಐವತ್ತಾರರಲ್ಲಿ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಸುದ್ದಿಯ ಕೆಲಸದ ಮೇಲೆ ಚಿತ್ತಾಪುರಕ್ಕೆ ಬಂದವನು ಶಹಾಬಾದಿಗೂ ಹೋದೆ. ಬೆಳಗಿನ ಹೊತ್ತು. ವಸ್ತಾದರು ಒಬ್ಬರೇ ಕಣದಲ್ಲಿ ಕೂತಿದ್ದರು. ತೋಳಿನ ಮಾಂಸ ಇಳಿಬಿದ್ದಿತ್ತು.

"ಬಾರೋ ಕಾರಕೂನ. ಚಪ್ಪಲಿ ಬಿಟ್ಟು ಬಾ. ಕುಂದ್ರು. ಮಣ್ಣು ಮೂಸಿ ಹೇಳು, ಸತ್ತದೇನು ನೋಡು."

ನಾನು ಕೂತು ಒಂದು ಚಿಟಿಕೆ ಎತ್ತಿ ಮೂಗಿಗೆ ಹಿಡಿದೆ. "ಅರಿಶಿನ ಅದ್ರಿ. ಎಣ್ಣಿ ಅದ್ರಿ. ಮಜ್ಜಿಗಿ—"

"ಮಜ್ಜಿಗಿ ಇಲ್ಲೋ. ಎಂಟು ವರ್ಷ ಆಯ್ತು, ನಾ ಹಾಕ್ಸಿಲ್ಲ."

ಮತ್ತೊಮ್ಮೆ ಮೂಸಿದೆ. ಇಂಥ ಸಂಗತಿಯಲ್ಲಿ ತಪ್ಪು ಹೇಳಬಾರದು. "ಅದ್ರಿ ವಸ್ತಾದ್ರ. ಹುಳಿ ವಾಸನಿ ಬರ್ಲಿಕತ್ತದ."

ಅವರು ಬಹಳ ಹೊತ್ತು ಹಿಂಬಾಗಿಲ ಕಡೆ ನೋಡಿದರು. ಅದು ಮುಚ್ಚಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಹಳೇದೇನು?" ಎಂದು ದನಿ ತಗ್ಗಿಸಿ ಕೇಳಿದರು.

"ಇಲ್ರಿ, ಇವತ್ತಿಂದು."

ಅವರು ಒಂದು ಹಿಡಿ ಮಣ್ಣೆತ್ತಿ, ಮುರಿದ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದರು. ಏನೂ ಬಂದಿರಲಾರದು. ನಾನು ಎದ್ದು ಚಪ್ಪಲಿ ಮೆಟ್ಟುವವರೆಗೂ ಆ ಹಿಡಿಯನ್ನು ಅವರು ಬಿಡಲಿಲ್ಲ.