ಕಾಲಿಗೆ ದಾರ ಕಟ್ಟಿದ ಹಕ್ಕಿ

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸು ಮಾಡಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅರವತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರಿಗೆ ಸಹಾಯಕನಾಗಿ ಕೇರಳದ ಮಳೆಕಾಡಿಗೆ ಹೋಗಿದ್ದೆ. ಅಲ್ಲೊಂದು ಹಕ್ಕಿ ಸಿಕ್ಕಿತು. ಗುಬ್ಬಚ್ಚಿಗಿಂತ ತುಸು ದೊಡ್ಡದು, ಬೂದುನೀಲಿ ಬೆನ್ನು, ಇಟ್ಟಿಗೆ ಬಣ್ಣದ ಪಕ್ಕೆ. ಮೇಷ್ಟ್ರು ತಮ್ಮ ಪುಸ್ತಕಗಳನ್ನೆಲ್ಲ ತಿರುವಿ, "ಇದು ಯಾವುದರಲ್ಲೂ ಇಲ್ಲವಲ್ಲಯ್ಯ" ಎಂದರು. ಒಳಗಿನ ಮಾಂಸ ತೆಗೆದು, ಚರ್ಮ ಕೊಳೆಯದಂತೆ ವಿಷ ಸವರಿ, ಹತ್ತಿ ತುಂಬಿ, ಎರಡೂ ಕಾಲು ಸೇರಿಸಿ ದಾರದಿಂದ ಚೀಟಿ ಕಟ್ಟಿದೆವು. ಹೊಸ ಜಾತಿ ಎಂದು ಲೋಕ ಒಪ್ಪಲು ಅದೊಂದೇ ಸಾಕ್ಷಿ. ಇನ್ನೊಂದು ಸಿಕ್ಕಿರಲಿಲ್ಲ.

ಜ್ವರ ಬಂದು ಮೇಷ್ಟ್ರು ಅಲ್ಲೇ ಉಳಿದರು. ಪೆಟ್ಟಿಗೆ ಹಿಡಿದು ರೈಲಿನಲ್ಲಿ ಬೆಂಗಳೂರಿಗೆ ಹೊರಟ ನಾನು ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು, ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ಲೈನು ಮನೆಗೆ ಹೋದೆ. ಅಮ್ಮನಿಗೆ ಹಕ್ಕಿ ತೋರಿಸಿ, ವಿಷವಿದೆ, ಮುಟ್ಟಬೇಡ ಎಂದೆ.

"ಇದೇನ್ಲಾ, ಎಣದ ಕಾಲು ಕಟ್ದಂಗೆ ಕಟ್ಟಿದ್ದೀಯ?"

"ಹೊಸಾ ಜಾತೀದಮ್ಮ. ಇನ್ನೂ ಹೆಸರೇ ಇಟ್ಟಿಲ್ಲ."

"ಎಸ್ರಿಲ್ದಿದ್ರೆ ಎಣ ಅಲ್ವಾ? ಬಿಎಸ್ಸೀಲಿ ಇದ್ನೇ ಏಳ್ಕೊಟ್ರಾ ನಿಂಗೆ?"

ಇಬ್ಬರೂ ನಕ್ಕೆವು. ಮಾಂಸ ತರಲು ನಾನು ರಾಬರ್ಟ್‌ಸನ್‌ಪೇಟೆಗೆ ಹೋದೆ. ಗೆಳೆಯರು ಸಿಕ್ಕಿ ಬರುವುದು ತಡವಾಯಿತು. ಬಂದಾಗ ಒಲೆ ಉರಿಯುತ್ತಿತ್ತು, ಪೆಟ್ಟಿಗೆ ಖಾಲಿಯಾಗಿತ್ತು.

"ನೀರು ಉಯ್ದು, ಅರಿಶಿಣ ಅಚ್ಚಿ, ದಾರ ಬಿಚ್ಚಿ ಬೇಲಿ ಬುಡದಾಗೆ ಮಣ್ಣು ಮಾಡ್ದೆ ಕಣ್ಲಾ. ನಿಮ್ಮಪ್ಪನ್ನ ಗಣಿಯಿಂದ ತಂದು ಇದೇ ಜಾಗ್ದಾಗೆ ಮಲಗ್ಸಿ ಕಾಲು ಕಟ್ಟಿದ್ರು. ಮನೇಲಿ ಎಣ ಇಕ್ಕೊಂಡು ನಿಂಗೆ ಅಡುಗೆ ಮಾಡಕ್ಕೆ ನಾನೆಂಗೆ ಒಲೆ ಅಚ್ಲಿ?"

ಮೊದಲು ಅವಳ ಕೈಗಳನ್ನು ಸೋಪು ಹಾಕಿ ಮತ್ತೆ ಮತ್ತೆ ತೊಳೆಸಿದೆ. ಆಮೇಲೆ ಬೇಲಿ ಬುಡ ಅಗೆದೆ. ನೆನೆದ ಚರ್ಮ ಹರಿದು ಗರಿಗಳು ಅಂಗೈಗೆ ಅಂಟಿಕೊಂಡವು. ಬೂದುನೀಲಿಯೂ ಇಲ್ಲ, ಇಟ್ಟಿಗೆ ಬಣ್ಣವೂ ಇಲ್ಲ, ಎಲ್ಲ ಅರಿಶಿಣ. ಸಾರಿನ ವಾಸನೆ ಹಿತ್ತಲಿನವರೆಗೂ ಬರುತ್ತಿತ್ತು. ಗುಂಡಿ ಮುಚ್ಚಿ, ಕೈ ತೊಳೆದು ಊಟಕ್ಕೆ ಕೂತೆ.

ಮೇಷ್ಟ್ರು ಬೈಯಲಿಲ್ಲ. ಅದೇ ಕಾಡಿಗೆ ಮತ್ತೆ ಮತ್ತೆ ಹೋದರು. ಆ ಹಕ್ಕಿ ಮತ್ತೆ ಸಿಗಲಿಲ್ಲ. ನೆನಪಿನಿಂದ ಬರೆದ ವರ್ಣನೆಯನ್ನು ಯಾರೂ ಅಚ್ಚು ಹಾಕಲಿಲ್ಲ. ಹಕ್ಕಿ ಎಲ್ಲಿ ಎಂದು ಪತ್ರಿಕೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಊರಿಗೆ ಹೋದಾಗಲೆಲ್ಲ ಅಮ್ಮ ತಟ್ಟೆ ಇಡುತ್ತಾ ವಿಚಾರಿಸುತ್ತಿದ್ದಳು.

"ಅದುಕ್ಕೆ ಎಸ್ರು ಇಕ್ಕಿದ್ರೇನ್ಲಾ, ನಿಮ್ಮ ಮೇಷ್ಟ್ರು?"

"ಇಡ್ತಾರಮ್ಮ," ಎನ್ನುತ್ತಿದ್ದೆ. ಅವಳು ಇರುವವರೆಗೂ ಅದನ್ನೇ ಹೇಳಿದೆ.